ನಾಳೆ ನೀವು ಕಟ್ಟದ ಡಬ್ಬಿ

ದಾವಣಗೆರೆ,
ಫೆಬ್ರವರಿ ೩೦, ೨೨೧೬

ಪೂಜ್ಯ ವಿನುತಜ್ಜಿಗೆ, ನಿಮ್ಮ ಮಗಳು ಇಂಚರಾಳ ವಂಶದ ಮಂದಾಕಿನಿ ಮಾಡುವ ನಮಸ್ಕಾರಗಳು.

ನಮ್ಮ ಫೆಬ್ರವರಿಗೆ ಈಗ ಮೂವತ್ತು ದಿನ, ಗಾಬರಿಯಾಗಬೇಡಿ. ನಲವತ್ತೊಂದು ವರ್ಷದ ನಿಮ್ಮನ್ನು ಅಜ್ಜಿ ಎಂದಿದ್ದಕ್ಕೂ ಮುನಿಸಿಕೊಳ್ಳಬೇಡಿ. ಏಳು ತಲೆಮಾರು ಕೆಳಗಿನವಳು ಇನ್ನೇನೆಂದು ಕರೆಯಲಿ? ನನ್ನ ಕೆಲವು ಮಾತು ವಿಚಿತ್ರ ಎನಿಸಿದರೆ ಕ್ಷಮೆಯಿರಲಿ. ಇದು ಹಿಂದಂಚೆಯ ಪತ್ರ, ಅಂದರೆ ಕಳೆದ ಕಾಲಕ್ಕೆ ಹೋಗುವ ಟಪಾಲು. ಜನ್ಮಕ್ಕೆ ಒಂದೇ ಪತ್ರ ಕಳಿಸಬಹುದು, ಅದೂ ಕೃತಜ್ಞತೆ ಹೇಳಲು ಮಾತ್ರ. ನಾನು ನಿಮ್ಮನ್ನು ಆರಿಸಿಕೊಂಡೆ.

ಈ ಪತ್ರ ನಿಮ್ಮ ಕೈ ಸೇರುವ ಇವತ್ತು ಇಂಚರಾ ನಿಮ್ಮ ಮನೆಯಲ್ಲಿ ರಂಪ ಮಾಡಿದ್ದಾಳೆ. ಸ್ಕೂಲಿನಿಂದ ಬಂದವಳೇ ಮುಚ್ಚಳವನ್ನೂ ತೆಗೆಯದ ಊಟದ ಡಬ್ಬಿಯನ್ನು ಅಡುಗೆಕಟ್ಟೆಯ ಮೇಲೆ ಕುಕ್ಕಿ, "ಇದನ್ನ ನಾಯಿನೂ ಮೂಸಲ್ಲ. ನೆಟ್ಟಗೆ ಒಂದು ಡಬ್ಬಿ ಕಟ್ಟೋಕೂ ಬರಲ್ವಾ ನಿಂಗೆ? ನನ್ನ ಹುಟ್ಸು ಅಂತ ನಾನೇನು ಕೇಳಿದ್ನಾ?" ಎಂದಳು. ನೀವು, "ನಾಳೆಯಿಂದ ನಿನ್ನ ಡಬ್ಬಿ ನೀನೇ ಕಟ್ಕೋ" ಎಂದಿರಿ. ಅವಳೀಗ ಧಡಾರನೆ ಬಾಗಿಲು ಹಾಕಿಕೊಂಡಿದ್ದಾಳೆ. ಈ ಕಥೆ ನಮ್ಮ ಮನೆಯ ಕೂಸುಗಳಿಗೂ ಬಾಯಿಪಾಠ.

ನಮ್ಮ ಊರಿನ ಮೇಲೆ ಈಗ ನೆರಳುಹೊದಿಕೆ ಇದೆ, ಬಿಸಿಲು ತಡೆಯಲು ಇಡೀ ಊರಿಗೇ ಹಾಕಿದ ಚಪ್ಪರ. ಅದನ್ನು ರಿಪೇರಿ ಮಾಡುವವರು ಬೆಳಗಿನ ಜಾವ ಹತ್ತಿದರೆ ಇಳಿಯುವುದು ಸಂಜೆಗೇ. ಅಡುಗೆ ಮಾಡುವ ಯಂತ್ರಗಳಿವೆ. ಆದರೂ ಅವರ ಊಟವನ್ನು ನಾವು ಯಂತ್ರಕ್ಕೆ ಬಿಟ್ಟಿಲ್ಲ. ಹದಿಮೂರು ತುಂಬಿದ ಪ್ರತಿ ಮಗುವಿಗೂ ಅವರಲ್ಲಿ ಒಬ್ಬರ ಡಬ್ಬಿ ಕಟ್ಟುವ ಕೆಲಸ ವಹಿಸುತ್ತಾರೆ. ನೀವು ಡಬ್ಬಿ ಕಟ್ಟದೆ ಕಲಿಸಿದ್ದನ್ನು ನೆನೆದು, ಮುಂದೆ ಇಂಚರಾಳೇ ತನ್ನ ಮಕ್ಕಳಿಗೆ ಪಕ್ಕದ ಮನೆಯವರ ಡಬ್ಬಿ ಕಟ್ಟುವ ಕೆಲಸ ಕೊಟ್ಟು ಶುರು ಮಾಡಿದ್ದು. ಓಣಿ ಕಲಿಯಿತು, ಊರು ಕಲಿಯಿತು. ಹೆಸರು 'ವಿನುತಾ ಡಬ್ಬಿ'. ಆ ವಿನುತಾ ಯಾರೆಂದು ಊರಿಗೆ ಗೊತ್ತಿಲ್ಲ, ನಮಗೆ ಗೊತ್ತು. ಅಂದಹಾಗೆ, ಮಂಡಕ್ಕಿ-ಮೆಣಸಿನಕಾಯಿ ಇವತ್ತಿಗೂ ಸಿಗುತ್ತದೆ, ಚಿಂತೆ ಬೇಡ.

ಹೋದ ವಾರ ನನ್ನ ಮಗ ಪೃಥು, ಹದಿನೈದರವನು, "ಯಂತ್ರ ಇರುವಾಗ ನಾನ್ಯಾಕೆ ಮಾಡ್ಬೇಕು? ನನ್ನ ಹುಟ್ಸು ಅಂತ ನಾನೇನು ಕೇಳಿದ್ನಾ?" ಎಂದು ಮುಸುಕೆಳೆದು ಮಲಗಿದ. ಅಯ್ಯೋ ದೇವರೇ, ಇನ್ನೂರು ವರ್ಷವಾದರೂ ಅದೇ ಮಾತು! ನಗುವೂ ಬಂತು, ಮೈಯೂ ಉರಿಯಿತು. ಗುಟ್ಟಾಗಿ ನಾನೇ ಕಟ್ಟಿಬಿಡೋಣವೆಂದು ಅಡುಗೆಮನೆಗೆ ಹೋದೆ. ನೀವು ನೆನಪಾದಿರಿ, ವಾಪಸ್ ಬಂದೆ. ಪೃಥುವಿನ ಪಾಲಿಗೆ ಬಂದಿರುವ ರಿಪೇರಿಯ ಕೊಟ್ರಪ್ಪ ಎಂದಿನಂತೆ ಬಾಗಿಲಲ್ಲಿದ್ದ ಡಬ್ಬಿ ಎತ್ತಿಕೊಂಡು ಹೋದರು. ಅದು ಹಿಂದಿನ ಸಂಜೆ ಅವರೇ ತೊಳೆದಿಟ್ಟು ಹೋಗಿದ್ದ ಖಾಲಿ ಡಬ್ಬಿ. ಸಂಜೆ ಬಂದು, "ಯಾಕಪಾ ತಮ್ಮಾ, ನನ್ನ ಮೇಲೆ ಸಿಟ್ಟೇನು? ಏನಾರ ತಪ್ಪು ಮಾತಾಡಿದ್ನಾ?" ಎಂದು ಪೃಥುವನ್ನು ಕೇಳಿದರು. ಅವನ ಸಿಟ್ಟೆಲ್ಲ ಇದ್ದದ್ದು ನನ್ನ ಮೇಲೆ. ಆ ಡಬ್ಬಿಗೆ ಕಾಯುವ ಮನುಷ್ಯನೊಬ್ಬ ಇದ್ದಾನೆಂಬುದೇ ಅವನಿಗೆ ಮರೆತುಹೋಗಿತ್ತು. ಮುಖ ಹುಳ್ಳಗಾಯಿತು. ಮರುದಿನ ಹೊತ್ತು ಹುಟ್ಟುವ ಮೊದಲೇ ಒಗ್ಗರಣೆಯ ವಾಸನೆಗೆ ನನಗೆ ಎಚ್ಚರವಾಯಿತು. ಚಿತ್ರಾನ್ನ ಸೀದಿತ್ತು. ನನಗೆ ಕಣ್ಣೀರು ಬಂತು, ಒಗ್ಗರಣೆಯ ಹೊಗೆಗಲ್ಲ.

ನೀವಿನ್ನೂ ಮಾಡದ ಕೆಲಸಕ್ಕೆ ಕೃತಜ್ಞತೆ ಹೇಳುತ್ತಿದ್ದೇನೆ. ಹಿಂದಂಚೆಯಲ್ಲಿ ಏನನ್ನೂ ಬೇಡಕೂಡದು ಎಂಬ ನಿಯಮವಿದೆ, ಇರಲಿ ಬಿಡಿ. ನಾಳೆ ಬೆಳಗ್ಗೆ ಅವಳು ಬರಿಗೈಯಲ್ಲಿ ಹೊರಡುತ್ತಾಳೆ. ನಿಮ್ಮ ಕರುಳು ಚುರ್ ಎನ್ನುತ್ತದೆ, ಕೈ ತಾನಾಗಿ ಡಬ್ಬಿಯ ಕಡೆ ಹೋಗುತ್ತದೆ. ಅಳು ಬಂದರೆ ಬಚ್ಚಲುಮನೆಯಲ್ಲಿ ನಲ್ಲಿ ಬಿಟ್ಟುಕೊಂಡು ಅತ್ತುಬಿಡಿ. ಡಬ್ಬಿಯನ್ನು ಮಾತ್ರ ಮುಟ್ಟಬೇಡಿ, ತಾಯಿ. ಇಲ್ಲಿ ನೆರಳುಹೊದಿಕೆಯ ಮೇಲೆ ಕೊಟ್ರಪ್ಪ ಪೃಥು ಕಟ್ಟಿದ ಡಬ್ಬಿ ಬಿಚ್ಚಿ ಊಟಕ್ಕೆ ಕೂತಿದ್ದಾರೆ.