ವೆವಾಳ ಮನೆಯವರು ಕಪ್ಪು ತೆಗೆಯುತ್ತಾರಂತೆ

ದಿಲಿ, ಪೂರ್ವ ತಿಮೋರ್,
ಶುಕ್ರವಾರ, ೧೨ ಆಗಸ್ಟ್ ೨೦೧೬

ಪ್ರೀತಿಯ ಅಪ್ಪಾ,

ನಿಮ್ಮ ಕೆಮ್ಮು ಈಗ ಹೇಗಿದೆ? ಕಳೆದ ಸಲ ಫೋನಿನಲ್ಲಿ ಮಾತಿಗಿಂತ ಕೆಮ್ಮೇ ಹೆಚ್ಚು ಕೇಳಿಸಿತು. ಗಡಿಯಾಚೆ ನಿಮ್ಮ ಅತಂಬುವಾದಲ್ಲಿ ಈ ತಿಂಗಳು ಧೂಳೋ ಧೂಳು ಅಂತ ವ್ಯಾನಿನ ಡ್ರೈವರ್ ಹೇಳುತ್ತಿದ್ದ. ಬಾಯಿಗೆ ಬಟ್ಟೆ ಕಟ್ಟಿಕೊಂಡು ಹೊಲಕ್ಕೆ ಹೋಗಿ, ತಂಬಾಕು ಬಿಡಿ ಎಂದರೆ ಕೇಳುವವರೇ ನೀವು, ಅಜ್ಜಿಯ ಮಗ ತಾನೇ. ಅಜ್ಜಿ ಚೆನ್ನಾಗಿದ್ದಾಳೆ. ಮಂಡಿನೋವು ಇದ್ದೇ ಇದೆ, ಆದರೂ ಭಾನುವಾರ ಎಲ್ಲರಿಗಿಂತ ಮೊದಲು ಚರ್ಚಿಗೆ ಹೋಗಿ ಮುಂದಿನ ಬೆಂಚು ಹಿಡಿಯುತ್ತಾಳೆ. ಹಂದಿ ಮರಿ ಹಾಕಿದೆ. ಅದರಲ್ಲಿ ಒಂದನ್ನು ನಿಮಗೆಂದು ಈಗಲೇ ಬೇರೆ ಕಟ್ಟಿ, ಮೊಮ್ಮಗಳಿಗಿಂತ ಚೆನ್ನಾಗಿ ಸಾಕುತ್ತಿದ್ದಾಳೆ.

ಫೋನು ಬಿಟ್ಟು ಕಾಗದ ಬರೆಯುತ್ತಿದ್ದೇನೆಂದು ನಗಬೇಡಿ. ನೀವು ಮಾತಾಡುವುದು ಪಕ್ಕದ ಮನೆಯವರ ಫೋನಿನಲ್ಲಿ. ಅವರೆಲ್ಲ ಸುತ್ತ ಕೂತು, ನಮ್ಮ ತಂಡ ಎಷ್ಟು ಗೋಲು ಬಿಟ್ಟುಕೊಟ್ಟಿತು ಎಂದು ನಿಮಗಿಂತ ಮೊದಲೇ ಕೇಳುತ್ತಾರೆ. ಕಾಗದವಾದರೆ ನಿಮ್ಮ ಕೈಗೆ ಬರುತ್ತದೆ. ವ್ಯಾನಿನವನು ನಾಳೆ ಬೆಳಿಗ್ಗೆ ಹೊರಡುತ್ತಾನಂತೆ, ಅದಕ್ಕೇ ಇವತ್ತು ತಂಡದ ಕ್ಯಾಂಪಿನಿಂದ ಬೆಟ್ಟದ ಮೇಲೆ ಅಜ್ಜಿಯ ಮನೆಗೆ ಬಂದು ಬರೆಯುತ್ತಿದ್ದೇನೆ.

ಫುಟ್‌ಬಾಲ್ ಮ್ಯಾಚು ಇದೇ ಇಪ್ಪತ್ತೇಳನೇ ತಾರೀಕು, ಶನಿವಾರ ಮಧ್ಯಾಹ್ನ. ಕಾಂಬೋಡಿಯಾದ ಹುಡುಗಿಯರು ಬರುತ್ತಾರೆ. ನೀವು ನಿಜವಾಗಿಯೂ ಗಡಿ ದಾಟಿ ಬರುತ್ತೀರಿ ಎಂಬುದು ನನಗಿನ್ನೂ ನಂಬಿಕೆಯಾಗಿಲ್ಲ. ತೊಂಬತ್ತೊಂಬತ್ತರ ಸೆಪ್ಟೆಂಬರಿನಲ್ಲಿ ಸ್ವಾತಂತ್ರ್ಯ ಬೇಡವೆಂದು ಊರು ಸುಟ್ಟ ಆ ಗ್ಯಾಂಗಿನವರ ಜೊತೆ ನೀವು ಆಚೆ, ಇಂಡೋನೇಷ್ಯಾದ ಕಡೆ, ಹೋದಾಗ ನಾನು ಅಜ್ಜಿಯ ಸೊಂಟದ ಮೇಲಿದ್ದೆ. ನಮ್ಮ ಬೆಟ್ಟದ ಜನ ಏನೇನು ಅನ್ನುತ್ತಾರೆಂದು ನಿಮಗೆ ಗೊತ್ತು. ನೀವು ಯಾರ ಮನೆ ಸುಟ್ಟಿರಿ, ಸುಡಲಿಲ್ಲ ಎಂದು ನಾನು ಕೇಳಿದವಳಲ್ಲ, ಅಜ್ಜಿ ಕೇಳಲು ಬಿಟ್ಟವಳೂ ಅಲ್ಲ. ಅಮ್ಮ ತೀರಿಹೋದಾಗಲೂ ನಿಮಗೆ ಬರಲಾಗಲಿಲ್ಲ. ಇಲ್ಲಿಗೆ ಕಾಲಿಟ್ಟರೆ ಜೀವ ಉಳಿಯುವುದಿಲ್ಲ ಎಂದು ಹೆದರಿ ಇಷ್ಟು ವರ್ಷ ಆಚೆಯೇ ಕೂತವರು, ಮಗಳು ದೇಶದ ಅಂಗಿ ತೊಟ್ಟು ಆಡುವುದನ್ನು ನೋಡಬೇಕೆಂದು ಹೊರಟಿದ್ದೀರಿ. ಅದಕ್ಕೇ ನನಗೆ ಸಂತೋಷವೂ ಹೌದು, ಹೆದರಿಕೆಯೂ ಹೌದು.

ಆ ಅಂಗಿ ಕೆಂಪು, ನನಗೆ ಸ್ವಲ್ಪ ದೊಗಳೆ. ಹೋದ ವರ್ಷದ್ದನ್ನೇ ಒಗೆದು ಕೊಟ್ಟಿದ್ದಾರೆ. ಕ್ಯಾಂಪಿನಲ್ಲಿ ಬೆಳಿಗ್ಗೆ ಅನ್ನ ಮೊಟ್ಟೆ, ರಾತ್ರಿ ಅನ್ನ ಮೀನು, ನಡುವೆ ಕೋಚಿನ ಬೈಗುಳ. ಹೋದ ವರ್ಷ ಹೊರದೇಶಕ್ಕೆ ಆಡಲು ಹೋಗಿ ಸೋತು ಸುಣ್ಣವಾಗಿ ಬಂದೆವಲ್ಲ, ತೈಬೆಸಿ ಮಾರುಕಟ್ಟೆಯಲ್ಲಿ ಸೊಪ್ಪು ಮಾರುವ ಹೆಂಗಸು ಈಗಲೂ ನನ್ನನ್ನು ಕಂಡರೆ, “ಏನಮ್ಮಾ, ಈ ಸಲಾನೂ ಗೋಲು ಬುಟ್ಟಿ ತುಂಬ ತರ್ತೀರಾ?” ಅನ್ನುತ್ತಾಳೆ. ನಮ್ಮ ವೆವಾ ಸುಮ್ಮನಿರುವವಳಲ್ಲ. “ಈ ದೇಶ ಹುಟ್ಟಿದಾಗ ನಾವಾಗ್ಲೇ ಓಡಾಡ್ತಿದ್ವಿ ಕಣಮ್ಮ, ದೇಶಾನೇ ಇನ್ನೂ ಚಿಕ್ಕ ಕೂಸು, ಸ್ವಲ್ಪ ಎಡವುತ್ತೆ” ಅಂದಳು. ಇಡೀ ಮಾರುಕಟ್ಟೆ ನಕ್ಕಿತು.

ವೆವಾ ಅಂದರೆ ಜೆನೊವೆವಾ, ನಮ್ಮ ಗೋಲ್‌ಕೀಪರ್. ಅವಳ ಮುಂದೆ ನಿಂತು ಕಾಯುವವಳು ನಾನು. ಅವಳು ಹಿಂದಿನಿಂದ, “ಏ ಎಮ್ಮೆ, ಬಲಗಡೆ ನೋಡೇ” ಎಂದು ಕಿರುಚದಿದ್ದರೆ ನನಗೆ ಆಟವೇ ಬರುವುದಿಲ್ಲ. ಅವಳು ನಮ್ಮ ಬೆಟ್ಟದವಳೇ, ಸೆರಾಫಿಂ ಎಂಬವರ ಮಗಳು. ಆ ಹೆಸರು ನಿಮಗೆ ನೆನಪಿರಬೇಕು. ನೀವು ಹೋದ ಅದೇ ಸೆಪ್ಟೆಂಬರಿನಲ್ಲಿ ಅವರನ್ನು ಮನೆಯಿಂದ ಎಳೆದುಕೊಂಡು ಹೋದರು, ಆಮೇಲೆ ದೇಹವೂ ಸಿಗಲಿಲ್ಲ. ಅವತ್ತಿನಿಂದ ಆ ಮನೆಯಲ್ಲಿ ಯಾರೂ ಸೂತಕದ ಕಪ್ಪು ಬಟ್ಟೆ ಬಿಟ್ಟಿಲ್ಲ. ಬೇರೆಯವರ ಮನೆಯಲ್ಲಿ ವರ್ಷ ತುಂಬಿದ ದಿನ ಸಮಾಧಿಗೆ ಹೂವಿಟ್ಟು ಕಪ್ಪು ತೆಗೆದು ಊಟ ಹಾಕುತ್ತಾರೆ, ಇವರಿಗೆ ಹೂವಿಡಲು ಸಮಾಧಿಯೇ ಇಲ್ಲ. ವೆವಾ ಅಂಗಿಯ ಒಳಮಗ್ಗುಲಿಗೆ ಕಪ್ಪು ಬಟ್ಟೆಯ ತುಂಡು ಹೊಲಿದುಕೊಂಡು ಆಡುತ್ತಾಳೆ, ಹೊರಗೆ ಕಟ್ಟಿದರೆ ರೆಫರಿ ಬಿಚ್ಚಿಸುತ್ತಾರೆ. ನಾವಿಬ್ಬರೂ ಅಪ್ಪಂದಿರ ಮಾತು ಎತ್ತಿದವರಲ್ಲ. ಒಂದೇ ಚಾಪೆಯ ಮೇಲೆ ಮಲಗುತ್ತೇವೆ, ಅಷ್ಟು ಸಾಕು ಅಂದುಕೊಂಡಿದ್ದೆ.

ಈಗ ಸಂತೋಷದ ಸುದ್ದಿ ಕೇಳಿ. ನೀವು ಬರುತ್ತೀರೆಂದು ತಿಳಿದ ಮೇಲೆ ವೆವಾಳ ಅಮ್ಮ, ಒಲಾಂದಿನಾ ಚಿಕ್ಕಮ್ಮ, ನನ್ನನ್ನು ಭಾನುವಾರ ಊಟಕ್ಕೆ ಕರೆದರು. ಇಷ್ಟು ವರ್ಷದಲ್ಲಿ ಮೊದಲ ಸಲ. ನಾನು ಹೆದರಿಕೊಂಡೇ ಹೋದೆ. ಕೋಳಿ ಕುಯ್ದಿದ್ದರು. ಮನೆಯವರಿಗಿಂತ ಮೊದಲು ನನಗೆ ಬಡಿಸಿ, ತೊಡೆಯ ತುಂಡನ್ನು ನನ್ನ ತಟ್ಟೆಗೇ ಹಾಕಿದರು. ಅವರ ಮೈದುನ ಕ್ಲೆಮೆಂತಿನೊ, ಅಂದರೆ ವೆವಾಳ ಚಿಕ್ಕಪ್ಪ, ಬಹಳ ಮೆತ್ತಗೆ ಮಾತಾಡುವ ಮನುಷ್ಯ. ಹಳೆಯದೆಲ್ಲ ಆಗಿಹೋಯಿತು, ಎರಡೂ ಮನೆಯವರು ಚಾಪೆ ಹಾಸಿ ಕೂತು ಅಡಿಕೆ ವೀಳ್ಯ ಹಂಚಿಕೊಂಡು ಮುಗಿಸಿಬಿಡೋಣ ಎಂದರು. ನನಗೆ ಅಳುವೇ ಬಂತು. ಮಾತು ನಡೆಸಲು ಕುಲದ ಪವಿತ್ರ ಮನೆಯ ಹಿರಿಯರು ಯಾರು ಬರುತ್ತಾರೆಂದು ಕೇಳಿದೆ. ಹಿರಿಯರೆಲ್ಲ ಬೇಡ, ಇದು ಮನೆಮನೆ ನಡುವಿನ ವಿಷಯ ಎಂದರು. ನೀವು ಬಸ್ಸಿನಲ್ಲಿ ಒದ್ದಾಡುವುದು ಬೇಡ, ಮ್ಯಾಚಿಗೆ ಎರಡು ದಿನ ಮೊದಲು, ಗುರುವಾರ, ತಾವೇ ಜೀಪು ತಂದು ಗಡಿ ಚೌಕಿಯ ಹತ್ತಿರ ನಿಲ್ಲುತ್ತಾರಂತೆ. ಗುರುತು ಹಿಡಿಯಲು ಬೇಕೆಂದು ನಿಮ್ಮ ಹೊಸ ಫೋಟೋ ಕೇಳಿದರು, ಕೊಟ್ಟೆ. ಜೊತೆಗೆ ಯಾರಾದರೂ ಬರುತ್ತಾರಾ ಎಂದು ಕೇಳಿದರು. ಒಬ್ಬರೇ ಬರುತ್ತಾರೆ ಎಂದೆ.

ಇನ್ನೊಂದು ಮಾತು. ಈ ವರ್ಷ ಅವರು ಕಪ್ಪು ತೆಗೆಯುತ್ತಾರಂತೆ. ಮ್ಯಾಚಿನ ಮಾರನೇ ದಿನವೇ. ಕೋಣ ತಂದು ಕಟ್ಟಿದ್ದಾರೆ, ಅಂಗಳದಲ್ಲಿ ಚಪ್ಪರದ ಬಿದಿರು ಬಿದ್ದಿದೆ. ಒಲಾಂದಿನಾ ಚಿಕ್ಕಮ್ಮ ಹೊಸ ಬಿಳಿ ಕುಪ್ಪಸ ತೋರಿಸಿದರು. ತೋರಿಸುವಾಗ ನಗಲಿಲ್ಲ. ಬಟ್ಟೆಯನ್ನು ಮತ್ತೆ ಮತ್ತೆ ಸವರುತ್ತಾ, “ನಿಮ್ಮಪ್ಪ ಬರ್ಲಿ ಮಗಳೇ, ಅವರು ಬಂದ್ಮೇಲೇ ನಾನು ಇದನ್ನ ಹಾಕ್ಕೊಳ್ಳೋದು” ಎಂದರು. ಎಷ್ಟು ದೊಡ್ಡ ಮನಸ್ಸು ನೋಡಿ.

ವೆವಾಳದೇ ನನಗೆ ಅರ್ಥವಾಗುತ್ತಿಲ್ಲ. ಅವತ್ತು ಅವಳು ಒಂದು ತುತ್ತೂ ತಿನ್ನಲಿಲ್ಲ. ಯಾವಾಗಲೂ ನನ್ನ ತಟ್ಟೆಗೆ ಕೈ ಹಾಕುವವಳು ಗೋಡೆ ನೋಡಿಕೊಂಡು ಕೂತಿದ್ದಳು. ಸೋಮವಾರದಿಂದ ಮೈದಾನದಲ್ಲಿ ನನ್ನ ಮೇಲೆ ಕಿರುಚುವುದನ್ನೇ ಬಿಟ್ಟಿದ್ದಾಳೆ. ಹಿಂದೆ ಗೋಲಿನಲ್ಲಿ ಯಾರೂ ಇಲ್ಲವೇನೋ ಎನಿಸಿ ನಾನೇ ತಿರುಗಿ ತಿರುಗಿ ನೋಡುತ್ತೇನೆ. ನಿನ್ನೆ ಶೂ ಬಿಚ್ಚುವಾಗ ಪಕ್ಕಕ್ಕೆ ಬಂದು ನನ್ನ ಮಣಿಕಟ್ಟು ಹಿಡಿದು, “ನಿಮ್ಮಪ್ಪಂಗೆ ಜ್ವರ ಬರ್ಲಿ. ಏಳಕ್ಕೇ ಆಗ್ದಂಥ ಜ್ವರ ಬರ್ಲಿ” ಅಂದುಬಿಟ್ಟಳು. ಅವಳಮ್ಮ ಕ್ಷಮಿಸಿದರೂ ಇವಳಿಗೆ ಮನಸ್ಸಿಲ್ಲ. ನನಗೂ ಸಿಟ್ಟು ಬಂತು, ನೂಕಿದೆ. ಅವಳು ತಿರುಗಿ ನೂಕಲಿಲ್ಲ, ಅಳುತ್ತಾ ಹೋದಳು. ಮಾತು ಬಿಟ್ಟಿದ್ದೇವೆ. ನೀವು ಬಂದು ಅವಳ ತಲೆ ಮೇಲೆ ಕೈಯಿಟ್ಟರೆ ಸರಿಹೋಗುತ್ತಾಳೆ ಅಂದುಕೊಂಡಿದ್ದೇನೆ.

ಬರುವಾಗ ಟೋಪಿ ತನ್ನಿ, ಸ್ಟೇಡಿಯಮ್ಮಿನಲ್ಲಿ ಬಿಸಿಲು ನೆತ್ತಿಗೇ ಹೊಡೆಯುತ್ತದೆ. ನಾನು ಬಿದ್ದರೆ ಎದ್ದು ನಿಂತು ಕೂಗಬೇಡಿ, ಬೀಳುವುದೇ ನನ್ನ ಕೆಲಸ. ಅಜ್ಜಿ ನಿಮಗೆ ಮುತ್ತು ಕೊಟ್ಟು ಹರಸಿದ್ದಾಳೆ. ಮಾತೆ ಮರಿಯ ನಿಮ್ಮನ್ನು ದಾರಿಯುದ್ದಕ್ಕೂ ಕಾಯಲಿ.

ನಿಮ್ಮ ಮಗಳು,
ಎರ್ಮೆಲಿಂದಾ

ಮರೆತ ಮಾತು: ಅಪ್ಪಾ, ಮೇಲೆ ಬರೆದದ್ದನ್ನು ಹರಿದು ಬೇರೆ ಬರೆಯಲು ಸಮಯವಿಲ್ಲ, ವ್ಯಾನಿನವನು ಬಾಗಿಲಲ್ಲಿ ನಿಂತಿದ್ದಾನೆ. ಕಾಗದವನ್ನು ಅಜ್ಜಿಗೆ ಓದಿ ಹೇಳಿದೆ. ಊಟಕ್ಕೆ ಹೋದದ್ದು, ಚಾಪೆ ಹಾಸುವುದು ಅವಳಿಗೆ ಗೊತ್ತಿತ್ತು, ಕಪ್ಪಿನ ಮಾತು ಹೇಳಿರಲಿಲ್ಲ. ಅದನ್ನು ಕೇಳಿದೊಡನೆ ಅವಳ ಬಾಯಿಯ ಅಡಿಕೆ ನಿಂತುಹೋಯಿತು. “ಮೂಳೆ ಸಿಕ್ತಂತಾ?” ಎಂದಳು. ಇಲ್ಲ ಎಂದೆ. “ಮೂಳೆ ಸಿಗ್ದೆ ಕಪ್ಪು ಹೆಂಗೆ ತೆಗೀತಾರೆ? ಮಣ್ಣಿಗೆ ಇಡೋಕೆ ಅವರಿಗೆ ಯಾರಾದ್ರೂ ಬೇಕಲ್ಲೇ” ಎಂದಳು. ನಾನು ಇಷ್ಟು ದಿನ ಏನು ನೋಡುತ್ತಿದ್ದೆ? ಹಿರಿಯರಿಲ್ಲದೆ ನಮ್ಮಲ್ಲಿ ಯಾರು ಚಾಪೆ ಹಾಸುತ್ತಾರೆ? ವೆವಾ ನಿಮಗೆ ಶಾಪ ಹಾಕಲಿಲ್ಲ ಅಪ್ಪಾ, ತನ್ನ ಮನೆಯವರನ್ನು ಬಿಟ್ಟುಕೊಟ್ಟು ನನಗೆ ಹೇಳಿದಳು. ನಾನು ಅವಳನ್ನು ನೂಕಿದೆ.

ನೀವು ಬರಬೇಡಿ. ಜೀಪು ಹತ್ತಬೇಡಿ, ಗಡಿಯ ಹತ್ತಿರವೂ ಸುಳಿಯಬೇಡಿ. ನಿಮ್ಮ ಮುಖ ಅವರ ಜೇಬಿನಲ್ಲಿದೆ. ಜ್ವರ ಅಂತ ನಾನು ಹೇಳುತ್ತೇನೆ.

ಅಜ್ಜಿ ಅಳುತ್ತಾ ಇನ್ನೊಂದು ಮಾತು ಬಾಯಿ ಬಿಟ್ಟಳು. “ನನ್ನ ಮಗ ಸೆರಾಫಿಂ ಮೈ ಮುಟ್ಲಿಲ್ಲ ಕಣೇ. ಅವತ್ತು ಲಾರಿ ಓಡಿಸ್ದ, ಅಷ್ಟೇ.” ಅಷ್ಟೇ ಅಂತೆ. ಹಾಗಾದರೆ ಆ ಲಾರಿ ಎಲ್ಲಿ ನಿಂತಿತೆಂದು ನಿಮಗೆ ಗೊತ್ತು. ಇಷ್ಟು ವರ್ಷವೂ ಗೊತ್ತಿತ್ತು. ಯಾರು ಹೊಡೆದರು, ನಿಮ್ಮ ಮೇಲೆ ಯಾರು ಬಂದೂಕು ಇಟ್ಟಿದ್ದರು, ನೀವೆಷ್ಟು ಹೆದರಿದ್ದಿರಿ, ಅದೆಲ್ಲ ನನಗೆ ಬೇಡ. ಯಾವ ತಿರುವು, ಯಾವ ಹಳ್ಳ, ಅದನ್ನು ಬರೆದು ಇದೇ ವ್ಯಾನಿನವನ ಕೈಯಲ್ಲಿ ಕಳಿಸಿ. ನಾನೇ ಹೋಗಿ ವೆವಾಳಿಗೆ ಹೇಳುತ್ತೇನೆ. ಆಮೇಲೂ ಅವಳ ಮುಂದೆ ನಿಂತು ಆಡುವುದೋ ಬೇಡವೋ, ಅದನ್ನು ಅವಳು ಹೇಳಲಿ. ಜಾಗ ಬರೆಯುವುದಿದ್ದರೆ ಮಾತ್ರ ನನಗೆ ಬರೆಯಿರಿ.