ಹಣಜಿ ಕೀಳದ ವರ್ಷ

ಕಣ್ಣು ಮುಚ್ಚಿದ ಮೇಲೂ ಹೊಲದ ಬದುವಿನಲ್ಲೇ ನಿಂತಿರುವ ಅಪ್ಪನಿಗೆ,

ನೇಗಿಲಿಗೆ ಕೈ ಇಟ್ಟವರು ಹಿಂದೆ ತಿರುಗಿ ನೋಡಬಾರದು ಎಂಬ ಸುವಾರ್ತೆಯ ಮಾತನ್ನು ನೀನು ನನಗೆ ಉಳುಮೆ ಕಲಿಸುವಾಗಲೇ ಹೇಳಿಕೊಟ್ಟಿದ್ದೆ. ಎದುರಿನ ಬದುವಿನ ಮೇಲೆ ಒಂದು ಗಿಡ ಗುರುತಿಟ್ಟುಕೋ, ಅದನ್ನೇ ನೋಡುತ್ತಾ ಹೋಗು, ಸಾಲು ತಾನಾಗಿ ನೆಟ್ಟಗೆ ಬರುತ್ತದೆ ಎನ್ನುತ್ತಿದ್ದೆ. ಈಗ ನಾನು ಟ್ರ್ಯಾಕ್ಟರಿನಲ್ಲಿ ಉಳುತ್ತೇನೆ ಅಪ್ಪ. ಅದರಲ್ಲಿ ಆಗಾಗ ಹಿಂದೆ ತಿರುಗಿ ನೋಡದಿದ್ದರೆ ನೇಗಿಲು ಮಣ್ಣಿಗೆ ಇಳಿದಿದೆಯೋ ಇಲ್ಲವೋ ಗೊತ್ತೇ ಆಗುವುದಿಲ್ಲ. ಸ್ವಾಮಿ ಈ ಕಾಲದಲ್ಲಿ ಬಂದಿದ್ದರೆ ಆ ಮಾತನ್ನು ಬೇರೆ ಥರ ಹೇಳುತ್ತಿದ್ದರೇನೋ ಎಂದು ಪಾದ್ರಿಗಳ ಹತ್ತಿರ ತಮಾಷೆ ಮಾಡಿದೆ. ಅವರಿಗೆ ನಗು ಬರಲಿಲ್ಲ. ಪಾಪ, ಹೊಸಬರು. ನೀನಾಗಿದ್ದರೆ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದೆ. ಅಂತೂ ಇವತ್ತು ಉಳುಮೆ ಬಿಟ್ಟು, ಪೂರ್ತಿ ಹಿಂದಕ್ಕೇ ತಿರುಗಿ ಕೂತಿದ್ದೇನೆ.

ವಿಷಯ ಇಷ್ಟೇ. ನಾಳೆ ಭಾನುವಾರ ಆರಾಧನೆ ಮುಗಿದ ಮೇಲೆ ನಮ್ಮ ಚರ್ಚಿನ ಸಭೆಯ ಹಿರಿಯರು ಸೇರುತ್ತಾರೆ. ನೀನು ಕೂರುತ್ತಿದ್ದ ಬೆಂಚಿನ ತುದಿಯಲ್ಲಿ ಈಗ ನಾನು ಕೂರುತ್ತೇನೆ. ಗಂಟೆ ಮಾವನ ಹೆಸರನ್ನು ಸಭೆಯಿಂದ ತೆಗೆಯಬೇಕೋ ಬೇಡವೋ ಎಂದು ನಾವು ತೀರ್ಮಾನಿಸಬೇಕು. ಹೌದು ಅಪ್ಪ, ಜೀವಮಾನವೆಲ್ಲ ನಮ್ಮ ಚರ್ಚಿನ ಗಂಟೆ ಬಾರಿಸಿದ ಅದೇ ಗಂಟೆ ಮಾವ. ಹೆಂಡತಿ ತೀರಿಕೊಂಡ ಮೇಲೆ ಕುಡಿತಕ್ಕೆ ಬಿದ್ದಿದ್ದಾನೆ. ಮೊನ್ನೆ ಮೊನ್ನೆ ನಡುಮಧ್ಯಾಹ್ನ ಊರಿಗೆ ಬೆಂಕಿ ಬಿದ್ದಾಗ ಬಾರಿಸುವ ಹಾಗೆ ಗಂಟೆ ಬಾರಿಸಿಬಿಟ್ಟ. ಜನ ಬಕೆಟ್ಟು ಹಿಡಿದುಕೊಂಡು ಓಡಿ ಬಂದರೆ, ಹಗ್ಗಕ್ಕೆ ಜೋತುಬಿದ್ದು ನಿಂತಿದ್ದವನು, "ಏನಿಲ್ಲ, ಕರೆದ್ರೆ ಯಾರಾದ್ರೂ ಬರ್ತಾರಾ ಅಂತ ನೋಡ್ದೆ" ಅಂದನಂತೆ. ಅಷ್ಟಕ್ಕೆ ನಿಂತಿದ್ದರೆ ಜನ ನಕ್ಕು ಬಿಡುತ್ತಿದ್ದರು. ಹೋದ ಭಾನುವಾರ ಪ್ರಭುಭೋಜನದ ಹೊತ್ತಿನಲ್ಲಿ ತೂರಾಡುತ್ತಾ ಬಂದು ಪಾದ್ರಿಗಳ ಕೈಯಲ್ಲಿದ್ದ ಪವಿತ್ರ ದ್ರಾಕ್ಷಾರಸದ ಬಟ್ಟಲನ್ನು ನೆಲಕ್ಕೆ ಚೆಲ್ಲಿದ.

ಹಿರಿಯರಲ್ಲಿ ಒಬ್ಬರೇ ಒಬ್ಬರು ಬೇಡವೆಂದರೂ ಸಾಕು, ಯಾರ ಹೆಸರನ್ನೂ ತೆಗೆಯುವಂತಿಲ್ಲ ಎಂಬ ನಮ್ಮ ಸಭೆಯ ಹಳೆಯ ಕಟ್ಟಳೆ ಇನ್ನೂ ಇದೆ. ಉಳಿದವರೆಲ್ಲ ತೆಗೆಯೋಣ ಎಂದಾಗಿದೆ. ಬಾಕಿ ಇರುವವಳು ನಾನು. ನಿಜ ಹೇಳುತ್ತೇನೆ, ಕೈ ಎತ್ತಲು ನಾನು ತುದಿಗಾಲಲ್ಲಿ ನಿಂತಿದ್ದೆ. ಅವನು ಅಣ್ಣನಿಗೆ ಮಾಡಿದ್ದನ್ನು ನಾನು ಒಂದು ದಿನವೂ ಮರೆತಿಲ್ಲ.

ಅಣ್ಣ ಕುಡಿದ ಮತ್ತಿನಲ್ಲಿ ಸಿಗರೇಟು ಎಸೆದು ಪಕ್ಕದ ಹೊಲದವರ ಹುಲ್ಲಿನ ಬಣವೆ ಸುಟ್ಟ ವಾರ ಅದು. ಅವನ ಹೆಸರು ತೆಗೆಯಬೇಕೆಂದು ಅವತ್ತೂ ಹಿರಿಯರು ಸೇರಿದ್ದರು. ನಾನು ಚಿಕ್ಕವಳು, ಅಮ್ಮನ ಪಕ್ಕದಲ್ಲಿ ಬಾಗಿಲ ಹತ್ತಿರ ನಿಂತಿದ್ದೆ. ಗಂಟೆ ಮಾವ ಎದ್ದು ನಿಂತು, "ನೀನೇ ರೈತ, ನೀನೇ ಹೇಳಪ್ಪ. ಕಳೆ ಕಿತ್ತು ಬಿಸಾಕದೆ ಇದ್ರೆ ಬೆಳೆ ಹೇಗೆ ಬರುತ್ತೆ?" ಎಂದು ನಿನ್ನನ್ನೇ ಕೇಳಿದ. ಅದಕ್ಕೆ ನೀನು ಸ್ವಾಮಿ ಹೇಳಿದ ಆ ಕಥೆ ತೆಗೆದೆ. ಒಬ್ಬ ರೈತ ಗೋಧಿ ಬಿತ್ತಿದ್ದು, ಶತ್ರು ಬಂದು ಅದರ ನಡುವೆ ಗೋಧಿಯಂತೆಯೇ ಕಾಣುವ ಹಣಜಿ ಎಂಬ ಕಳೆ ಬಿತ್ತಿ ಹೋದದ್ದು, ಕಿತ್ತು ಹಾಕಲೇ ಎಂದು ಕೇಳಿದ ಆಳುಗಳಿಗೆ ಯಜಮಾನ ಬೇಡ, ಕೊಯ್ಲಿನವರೆಗೆ ಎರಡೂ ಬೆಳೆಯಲಿ ಎಂದದ್ದು. ಗಂಟೆ ಮಾವ ನಕ್ಕ. "ಅದು ಓದೋಕೆ ಚೆನ್ನಾಗಿದೆ. ನಿನ್ನ ಹೊಲದಲ್ಲಿ ಹಾಗೆ ಮಾಡ್ತೀಯಾ?"

"ಮಾಡ್ತೀನಿ. ಅವನ ಹೆಸರು ತೆಗೆಯೋದಕ್ಕೆ ನಾನು ಬೇಡ ಅಂತೀನಿ" ಅಂದೆ ನೀನು, ಅಣ್ಣನ ಹೆಸರು ಉಳಿಯಿತು. ಅಮ್ಮ ನನ್ನ ಕೈಯನ್ನು ಎಷ್ಟು ಜೋರಾಗಿ ಹಿಚುಕಿದಳೆಂದರೆ ಇವತ್ತಿಗೂ ನೆನಪಿದೆ.

ಆ ವರ್ಷ ನೀನು ನಮ್ಮ ಗೋಧಿ ಹೊಲದಲ್ಲಿ ಒಂದು ಕಡ್ಡಿ ಹಣಜಿಯನ್ನೂ ಕೀಳಲಿಲ್ಲ. ಬಾಯಿ ತಪ್ಪಿ ಆಡಿದ ಮಾತು, ಹೊಟ್ಟೆ ಹಸಿದಾಗ ತಾನೇ ಸರಿಹೋಗುತ್ತದೆ ಎಂದು ಅಮ್ಮ ಕಾದಳು. ಆಮೇಲೆ ಬೈದಳು, ಅತ್ತಳು, ಮಾತು ಬಿಟ್ಟಳು. ದಾರಿಯಲ್ಲಿ ಹೋಗುವವರು ನಮ್ಮ ಹೊಲದ ಹತ್ತಿರ ನಿಂತು ನೋಡಿ ತಲೆ ಅಲ್ಲಾಡಿಸಿ ಹೋಗುತ್ತಿದ್ದರು. ಆಗಿನ ಹಳೆಯ ಪಾದ್ರಿಗಳು ಖುದ್ದಾಗಿ ಬಂದು, "ನೋಡಯ್ಯ, ಆ ಕಥೇಲಿ ಹೊಲ ಅಂದ್ರೆ ಲೋಕ. ನಿನ್ನ ಹೊಲ ಅಂದ್ರೆ ಬರೀ ಹೊಲ. ಎರಡನ್ನೂ ಕಲಸಬೇಡ" ಎಂದು ಬುದ್ಧಿ ಹೇಳಿದರು. ನೀನು ಸಲಿಕೆಗೆ ಅಂಟಿದ್ದ ಮಣ್ಣು ಕೆರೆಯುತ್ತಾ, "ಲೋಕ ನನ್ನ ಕೈಲಿಲ್ಲ ಸ್ವಾಮಿ. ಹೊಲ ಇದೆ" ಅಂದೆ. ಅವರು ಸೈಕಲ್ ಹತ್ತಿ ಹೋದರು.

ಎಲ್ಲರೂ ನಗುತ್ತಿದ್ದದ್ದು ನನಗೆ ತಡೆಯಲಾಗಲಿಲ್ಲ. ಒಂದು ಸಂಜೆ ನಿನಗೆ ಗೊತ್ತಾಗದಂತೆ ಹೊಲಕ್ಕೆ ಇಳಿದು ಕಳೆ ಕೀಳತೊಡಗಿದೆ. ನೀನು ಯಾವಾಗ ಬಂದು ಹಿಂದೆ ನಿಂತೆಯೋ ಕಾಣೆ. ಬೈಯಲಿಲ್ಲ. ನನ್ನ ಕೈಯಲ್ಲಿದ್ದ ಹಿಡಿಯನ್ನು ಹಾಗೇ ಕಾಲುವೆಗೆ ತೆಗೆದುಕೊಂಡು ಹೋಗಿ ನೀರಿನಲ್ಲಿ ಅದ್ದಿ ಅಲುಗಿಸಿದೆ. ಮಣ್ಣೆಲ್ಲ ತೊಳೆದುಹೋಗಿ ಬಿಳಿಯ ಬೇರುಗಳು ಉಳಿದವು. ಹಣಜಿಯ ಬೇರೂ ಗೋಧಿಯ ಬೇರೂ ಬಾಚದ ಕೂದಲಿನ ಹಾಗೆ ಒಂದರೊಳಗೊಂದು ಸಿಕ್ಕಿಕೊಂಡಿದ್ದವು. "ಇದರಲ್ಲಿ ಯಾವುದು ಯಾರ ಬೇರು ಹೇಳು ನೋಡೋಣ" ಅಂದೆ. ನಾನು ಬಿಡಿಸಲು ಹೋದೆ, ಗೋಧಿಯದೇ ಹರಿಯಿತು. "ಗೊತ್ತಾಯ್ತಾ ಮಗಳೇ? ನನಗೆ ಹಣಜಿ ಚಿಂತೆ ಅಲ್ಲ" ಎಂದು ತಲೆ ಸವರಿದೆ. ಗೊತ್ತಾಯ್ತು ಅಂದೆ ನಾನು. ಹೊಲದ ವಿಷಯ ಹೇಳುತ್ತಿದ್ದೀಯ ಎಂದುಕೊಂಡಿದ್ದೆ.

ಕೊಯ್ಲಿನ ಹೊತ್ತಿಗೆ ಯಾವುದು ಯಾವುದೆಂದು ಕುರುಡರಿಗೂ ತಿಳಿಯುವಂತಾಗಿತ್ತು. ಗೋಧಿ ತೆನೆ ಕಾಳಿನ ಭಾರಕ್ಕೆ ತಲೆ ಬಗ್ಗಿಸಿತ್ತು, ಹಣಜಿ ಸೆಟೆದು ನಿಂತಿತ್ತು. ಆದರೂ ರಾಶಿಯಲ್ಲಿ ಬೆರೆತುಹೋದ ಕಾಳನ್ನು ಆರಿಸುವುದಿತ್ತಲ್ಲ, ಅದು ಮುಗಿಯುವ ಕೆಲಸವೇ ಆಗಿರಲಿಲ್ಲ. ನಾವು ನಾಲ್ವರೂ ಹಗಲೆಲ್ಲ ಅಂಗಳದಲ್ಲಿ ಜರಡಿ ಹಿಡಿದು ಕೂರುತ್ತಿದ್ದೆವು. ಕೈ ಎಲ್ಲರಿಗಿಂತ ಚುರುಕಾಗಿದ್ದದ್ದು ಅಣ್ಣನದೇ. "ನನ್ನ ಬಳಗದವರನ್ನ ನಾನಲ್ಲದೆ ಇನ್ಯಾರು ಗುರುತು ಹಿಡೀತಾರೆ?" ಎಂದು ಅವನೇ ನಗಿಸಿದ. ಮಾತು ಬಿಟ್ಟಿದ್ದ ಅಮ್ಮ ಕೂಡ ಸೆರಗು ಬಾಯಿಗೆ ಒತ್ತಿಕೊಂಡಳು.

ಹಣಜಿ ಸೇರಿದ ಹಿಟ್ಟು ತಿಂದರೆ ತಲೆ ತಿರುಗುತ್ತದೆ ಎಂಬುದು ನಮಗೆ ಗೊತ್ತಿತ್ತು, ಪಾದ್ರಿಗಳಿಗೆ ಗೊತ್ತಿರಲಿಲ್ಲ. ಹೇಗಿದೆಯೋ ನೋಡೋಣ ಎಂದು ಬಂದವರು, ಅರೆಬರೆ ಆರಿಸಿದ ಕಾಳಿನ ಹಿಟ್ಟಿನಲ್ಲಿ ಪರೀಕ್ಷೆಗೆಂದು ಮಾಡಿಟ್ಟಿದ್ದ ರೊಟ್ಟಿಯನ್ನು ಅಮ್ಮ ಬೇಡ ಬೇಡ ಎನ್ನುವಷ್ಟರಲ್ಲಿ ಎರಡು ತಿಂದೇ ಬಿಟ್ಟರು. ಏಳಲು ಹೋದರೆ ಕಾಲು ನಿಲ್ಲಲಿಲ್ಲ. ಕೊನೆಗೆ ಅಣ್ಣನೇ ಅವರ ತೋಳಿಗೆ ಹೆಗಲು ಕೊಟ್ಟು ಮನೆಗೆ ಮುಟ್ಟಿಸಿ ಬಂದ. ದಾರಿಯುದ್ದಕ್ಕೂ ಜನ ನೋಡಿದರಂತೆ, ಇಬ್ಬರಲ್ಲಿ ಕುಡಿದವನು ಯಾರು ಎಂದು ತಿಳಿಯದೆ. ಆಮೇಲಿನ ಭಾನುವಾರ ಪಾದ್ರಿಗಳು ಪ್ರಸಂಗವನ್ನು ಬಹಳ ಚಿಕ್ಕದಾಗಿ ಮುಗಿಸಿದರು.

ಇದೆಲ್ಲ ಆಗಿಯೂ ಅಣ್ಣ ಬದಲಾಗಲಿಲ್ಲ. ಅದೇ ನನ್ನ ಎದೆಯಲ್ಲಿ ಇಷ್ಟು ವರ್ಷ ಮುಳ್ಳಾಗಿತ್ತು ಅಪ್ಪ. ಕಾಯಿ ಬಿಡದ ಅಂಜೂರದ ಮರವನ್ನು ಕಡಿಯಲು ಹೊರಟ ಯಜಮಾನನ ಹತ್ತಿರ, ಇನ್ನೊಂದು ವರ್ಷ ಬಿಡಿ, ಬುಡ ಅಗೆದು ಗೊಬ್ಬರ ಹಾಕುತ್ತೇನೆ ಎಂದು ಬೇಡಿಕೊಂಡ ತೋಟಗಾರನ ಕಥೆ ನಿನಗೆ ಪ್ರಾಣ. ಆ ವರ್ಷ ಕಳೆದ ಮೇಲೆ ಮರ ಕಾಯಿ ಬಿಟ್ಟಿತೇ ಎಂದು ನಾನು ಕೇಳಿದರೆ, ಅದನ್ನು ಬರೆದಿಲ್ಲ ಎನ್ನುತ್ತಿದ್ದೆ. ನಮ್ಮ ಮನೆಯಲ್ಲಿ ಏನಾಯಿತೆಂದು ನನಗೆ ಗೊತ್ತು. ನೀನು ಅಗೆದೆ, ಗೊಬ್ಬರ ಹಾಕಿದೆ, ಮರ ಹಾಗೇ ಒಣಗಿತು. ಚಳಿಗಾಲದ ಒಂದು ಬೆಳಗ್ಗೆ ಅಣ್ಣ ಕಾಲುವೆ ದಂಡೆಯ ಮೇಲೆ ಸಿಕ್ಕಿದ, ಪಕ್ಕದಲ್ಲಿ ಬಾಟಲಿ ಇತ್ತು.

ನಮ್ಮಲ್ಲಿ ಸತ್ತವರಿಗೆ ಅವರು ಬಾಳಿದ ವರ್ಷಕ್ಕೊಂದರಂತೆ ಗಂಟೆ ಬಾರಿಸಿ ಮಣ್ಣಿಗೆ ಕಳಿಸುತ್ತಾರೆ. ಅವತ್ತು ಗಂಟೆ ಮಾವ ಹಗ್ಗ ಮುಟ್ಟಲಿಲ್ಲ. "ಕುಡಿದು ಸತ್ತವನಿಗೆ ನಾನು ಬಾರಿಸಲ್ಲ" ಎಂದು ಕೈ ಕಟ್ಟಿ ಗೋಡೆಗೆ ಒರಗಿ ನಿಂತ. ನೀನೇ ಹೋಗಿ ಹಗ್ಗ ಎಳೆದೆ. ನಡುವೆ ನಿನಗೆ ಲೆಕ್ಕ ತಪ್ಪಿತು. ಹಗ್ಗ ಹಿಡಿದುಕೊಂಡೇ ನಿಂತು ಹೋದೆ. ಮತ್ತೆ ಮೊದಲಿಂದ ಶುರು ಮಾಡುವ ಶಕ್ತಿ ನಿನ್ನಲ್ಲಿರಲಿಲ್ಲ. ಅಣ್ಣ ಅರ್ಧಕ್ಕೇ ನಿಂತ ಗಂಟೆಯ ಸದ್ದಿನಲ್ಲಿ ಮಣ್ಣಿಗೆ ಹೋದ. ಗೋಡೆಗೆ ಒರಗಿದ್ದವನು ಎಲ್ಲ ನೋಡುತ್ತಲೇ ಇದ್ದ. ಅಪ್ಪ ಸೋತುಬಿಟ್ಟ, ಹಣಜಿ ಹಣಜಿಯಾಗಿಯೇ ಉಳಿಯಿತು ಎಂದು ನಾನು ಅವತ್ತು ನಿರ್ಧರಿಸಿಬಿಟ್ಟೆ.

ಈ ಬೆಳಗ್ಗೆ ಗಂಟೆ ಮಾವನ ಮಗಳು ಬಂದಿದ್ದಳು. ಹೊಲಿಗೆ ಕೆಲಸದವಳು, ಎಲ್ಲರೂ ಸೂಜಿ ಎಂದೇ ಕರೆಯುತ್ತಾರೆ. ಪ್ರಾರ್ಥನೆಯಲ್ಲಿ ನನ್ನ ಪಕ್ಕದಲ್ಲೇ ನಿಂತು ಹಾಡುವವಳು, ತನ್ನ ದನಿಯಲ್ಲಿ ನನ್ನ ತಪ್ಪನ್ನೆಲ್ಲ ಮುಚ್ಚುವವಳು. ಬೇಡಿಕೊಳ್ಳಲು ಬಂದಿದ್ದಾಳೆ ಎಂದುಕೊಂಡೆ. ಅವಳು ಬೇಡಲಿಲ್ಲ. ಹೊಸಿಲಲ್ಲೇ ನಿಂತು, "ನೀನು ಕೈ ಎತ್ತಿದ್ರೆ ಬೇಜಾರಿಲ್ಲ ಕಣೆ, ನಮ್ಮಪ್ಪ ನಿಮಗೆ ಮಾಡಿದ್ದು ನನಗೂ ಗೊತ್ತು. ಆದ್ರೆ ಅವನು ಇಲ್ಲದ ಕಡೆ ನಾನೂ ಬರಲ್ಲ. ಅದನ್ನ ಹೇಳಿ ಹೋಗೋಣ ಅಂತ ಬಂದೆ" ಅಂದಳು. ಚೀಲದಲ್ಲಿ ತಂದಿದ್ದ ತನ್ನ ಹಾಡಿನ ಪುಸ್ತಕವನ್ನು ಕಿಟಕಿಯ ಮೇಲಿಟ್ಟು ಹೋದಳು.

ಅವಳು ಬೇಲಿ ದಾಟುವ ಮೊದಲೇ ನನ್ನ ಕಣ್ಣ ಮುಂದೆ ಕಾಲುವೆಯ ನೀರು ಬಂತು. ನಿನ್ನ ಕೈಯಲ್ಲಿ ಅಲುಗುತ್ತಿದ್ದ ಬಿಳಿಯ ಬೇರು ಬಂತು. ನನಗೆ ಹಣಜಿ ಚಿಂತೆ ಅಲ್ಲ ಎಂದಿದ್ದೆಯಲ್ಲ. ಅಪ್ಪ, ಆಗ ನಾನು ಅಣ್ಣನ ಬಾಲ. ಅವನು ಹೋದಲ್ಲಿ ಹೋಗುತ್ತಿದ್ದೆ, ಅವನು ಬೈದವರನ್ನು ಬೈಯುತ್ತಿದ್ದೆ, ಅವನು ಚರ್ಚಿಗೆ ಬರುತ್ತಾನೆ ಎಂದೇ ನಾನೂ ಬರುತ್ತಿದ್ದೆ. ಅವತ್ತು ಅವನನ್ನು ಕಿತ್ತಿದ್ದರೆ ನಾನೂ ಅವನ ಬೇರಿನ ಜೊತೆ ಎದ್ದು ಬರುತ್ತಿದ್ದೆ, ನಿನ್ನ ಬೆಂಚಿನಲ್ಲಿ ಇವತ್ತು ಯಾರೋ ಕೂರುತ್ತಿದ್ದರು. ಅಣ್ಣ ಗೋಧಿಯಾಗುತ್ತಾನೆ ಎಂದು ನೀನು ಕಾದಿರಲೇ ಇಲ್ಲವೇನೋ. ಒಂದು ವರ್ಷದ ಬೆಳೆಯನ್ನು ಜನರ ನಗೆಗೆ ಬಿಟ್ಟದ್ದು ನನಗಾಗಿ. ಎಷ್ಟು ದಡ್ಡಿ ನಾನು! ತಲೆ ಸವರಿ ಹೇಳಿದರೂ ತಿಳಿಯಲಿಲ್ಲ.

ಹಾಗೆಂದು ಗಂಟೆ ಮಾವನ ಮೇಲಿನ ಸಿಟ್ಟು ಹೋಗಿದೆ ಎಂದುಕೊಳ್ಳಬೇಡ. ಹೋಗಿಲ್ಲ. ಆ ಕಟ್ಟಿದ ಕೈ ನೆನೆದರೆ ಈಗಲೂ ಮೈ ಉರಿಯುತ್ತದೆ. ಕ್ಷಮೆ ಎಂಬುದು ನನ್ನ ಹೊಲದಲ್ಲಿ ಇನ್ನೂ ಮೊಳೆತಿಲ್ಲ. ಆದರೆ ಸೂಜಿಯ ಹಾಡಿನ ಪುಸ್ತಕ ಕಿಟಕಿಯ ಮೇಲಿದೆ, ಅದನ್ನು ನೋಡುತ್ತಾ ಕೂತಿದ್ದೇನೆ. ಇಲ್ಲಿಗೆ ನಿಲ್ಲಿಸುತ್ತೇನೆ, ಅಮ್ಮ ಊಟಕ್ಕೆ ಕರೆಯುತ್ತಿದ್ದಾಳೆ.

ಈಗ ಭಾನುವಾರ ಮಧ್ಯಾಹ್ನ. ನಿನಗೆ ಹೇಳದೆ ಇರಲಾರೆ.

ತೆಗೆಯೋಣ ಎನ್ನುವವರು ಕೈ ಎತ್ತಿ ಎಂದರು ಪಾದ್ರಿಗಳು. ಎಲ್ಲರ ಕೈ ಎದ್ದಿತು. ನನ್ನ ಕೈ ಮಡಿಲಲ್ಲೇ ಇತ್ತು, ಹಾಡಿನ ಪುಸ್ತಕದ ಮೇಲೆ. ಎಲ್ಲರೂ ನನ್ನ ಕಡೆ ತಿರುಗಿದರು. ಎಲ್ಲರಿಗಿಂತ ಹೆಚ್ಚು ಬೆರಗಾಗಿ ನೋಡಿದವನು ಬಾಗಿಲ ಹತ್ತಿರ ನಿಂತಿದ್ದ ಗಂಟೆ ಮಾವ. "ನಾನು ಬೇಡ ಅಂತೀನಿ" ಅಂದೆ. ನಿನ್ನ ಮಾತೇ ಬಾಯಿಗೆ ಬಂತು. ಹೊರಗೆ ಬರುವಾಗ ಅವನ ಮುಖ ನೋಡಲಿಲ್ಲ, ಪುಸ್ತಕವನ್ನು ಸೂಜಿಯ ಕೈಗಿಟ್ಟು ಮನೆಗೆ ಬಂದೆ.

ಊಟ ಮಾಡಿ ಪಾತ್ರೆ ತೊಳೆಯುತ್ತಿದ್ದಾಗ ಗಂಟೆ ಕೇಳಿತು. ಯಾವ ಹೊತ್ತೂ ಅಲ್ಲದ ಹೊತ್ತು. "ಮತ್ತೆ ಕುಡಿದು ಬಂದ ನೋಡು, ನೀನು ಉಳಿಸಿದ್ದಕ್ಕೆ" ಎಂದು ಅಮ್ಮ ಗೊಣಗಿದಳು. ಆದರೆ ಅದು ಬೆಂಕಿ ಬಿದ್ದಾಗಿನ ಬಡಿತವಲ್ಲ. ಒಂದು ಹೊಡೆತ, ಅದರ ಸದ್ದು ಪೂರ್ತಿ ಇಳಿದ ಮೇಲೆ ಇನ್ನೊಂದು. ನಾನು ನಲ್ಲಿ ನಿಲ್ಲಿಸಿದೆ. ಊರಿನಲ್ಲಿ ಯಾರೂ ಸತ್ತಿರಲಿಲ್ಲ. ತಿರುಗಿ ನೋಡಿದರೆ ಅಮ್ಮ ಒಲೆಯ ಪಕ್ಕದಲ್ಲಿ ಅಲುಗಾಡದೆ ನಿಂತಿದ್ದಳು, ಅವಳ ತುಟಿ ಮಾತ್ರ ಅಲುಗುತ್ತಿತ್ತು. ಎಣಿಸುತ್ತಿದ್ದಳು. ನೀನು ತಪ್ಪಿದ ಜಾಗ ಬಂತು, ಗಂಟೆ ಅಲ್ಲಿ ನಿಲ್ಲಲಿಲ್ಲ. ಮುಂದಕ್ಕೆ ಹೋಯಿತು. ಸರಿಯಾಗಿ ಅಣ್ಣನ ವಯಸ್ಸಿಗೆ ನಿಂತಿತು.

"ಅವನಿಗೇ ಬಾರಿಸಿದ್ದು" ಎಂದಳು ಅಮ್ಮ, ಸೆರಗಿನಲ್ಲಿ ಮುಖ ಮುಚ್ಚಿಕೊಂಡು.

ಗಂಟೆ ಮಾವ ಕುಡಿದೇ ಬಾರಿಸಿದ್ದಿರಬಹುದು. ಲೆಕ್ಕ ಮಾತ್ರ ತಪ್ಪಲಿಲ್ಲ ಅಪ್ಪ. ಅಣ್ಣ ನಿನ್ನ ಪಕ್ಕದಲ್ಲೇ ಮಲಗಿದ್ದಾನಲ್ಲ, ಅವನಿಗೆ ಕೇಳಿಸಿತೋ ಇಲ್ಲವೋ, ನೀನೇ ಹೇಳಿಬಿಡು. ಕೊಯ್ಲಿನ ದಿನ ಎಲ್ಲರೂ ಸಿಗೋಣ. ಅಲ್ಲಿಯವರೆಗೆ ನೀವಿಬ್ಬರೂ ನೆಮ್ಮದಿಯಾಗಿ ನಿದ್ದೆ ಮಾಡಿ, ಬಿತ್ತನೆ ನಾನು ನೋಡಿಕೊಳ್ಳುತ್ತೇನೆ.

ನೀನು ಕೀಳದೆ ಉಳಿಸಿಕೊಂಡ,
ನಿನ್ನ ಮಗಳು