ನನ್ನ ಮನೆ, ನನ್ನಿಷ್ಟ

ಮ್ಯಾಗ್ನೋಲಿಯಾ ಬೀದಿ, ಕ್ಯಾಲಿಫೋರ್ನಿಯಾ
೧೪ ಅಕ್ಟೋಬರ್ ೧೯೬೪

ಪ್ರೀತಿಯ ತಮ್ಮ ಕ್ಲಿಫ್ಟನ್‌ಗೆ,

ಎರಡು ಬೀದಿ ಆಚೆ ಇರುವ ನಿನಗೆ ಅಂಚೆಚೀಟಿ ಅಂಟಿಸಿ ಬರೆಯುತ್ತಿದ್ದೇನೆ, ನಗಬೇಡ. ಫೋನಿನಲ್ಲಿ ನಾನು ಬಾಯಿ ತೆರೆಯುವ ಮೊದಲೇ ನೀನು ಇಟ್ಟುಬಿಡುತ್ತೀಯ. ಸೆಪ್ಟೆಂಬರಿನ ಕಾರ್ಮಿಕರ ದಿನದ ಊಟದಲ್ಲಿ ನೀನು ಆಡಿದ ಮಾತಿಗೆ ಉತ್ತರ ಐದು ವಾರ ತಡವಾಯಿತು, ಕ್ಷಮಿಸು. ಮಂಡಿನೋವು ಹೇಗಿದೆ? ಡೋರೀನ್ ಇನ್ನೂ ನಿನ್ನನ್ನು ಸಹಿಸಿಕೊಂಡಿದ್ದಾಳೆ ತಾನೆ?

ಮೊದಲು ಸುದ್ದಿ. ಶುಕ್ರವಾರ ಹತ್ತು ಗಂಟೆಗೆ ನನ್ನ ಮನೆ ಮಾರಾಟದ ಕಾಗದಕ್ಕೆ ಸಹಿ ಹಾಕುತ್ತೇನೆ. ಕೊಳ್ಳುವವರು ಟಿಲ್ಮನ್ ದಂಪತಿ. ರೋಸ್ಕೋ ಅಂಚೆ ಕಚೇರಿಯಲ್ಲಿದ್ದಾನೆ, ಇಲೋಯಿಸ್ ದಾದಿ. ಈ ಬೀದಿಗೆ ಬರುತ್ತಿರುವ ಮೊದಲ ಕಪ್ಪು ಜನ. ಇಲ್ಲಿಯವರೆಗೆ ಹನ್ನೊಂದು ಮನೆ ನೋಡಿದರಂತೆ. ಅವರು ಬಾಗಿಲು ತಟ್ಟುವ ಹೊತ್ತಿಗೆ ಹನ್ನೊಂದೂ "ಈಗಷ್ಟೇ ಮಾರಾಟವಾಯ್ತು"!

ಬಣ್ಣ ನೋಡಿ ಮನೆ ನಿರಾಕರಿಸಬಾರದೆಂಬ ಕಾನೂನನ್ನು ನವೆಂಬರಿನ ಮತದಾನದಲ್ಲಿ ಕಿತ್ತುಹಾಕಬೇಕೆಂದು ಅವತ್ತು ನೀನು ಆಲೂಗಡ್ಡೆ ಸಲಾಡಿನ ಚಮಚ ಎತ್ತಿ ಹಿಡಿದು ಹೇಳಿದೆ: "ಅಕ್ಕಾ, ಮನುಷ್ಯನ ಹಕ್ಕು ಮನುಷ್ಯನ ಹಕ್ಕು ಅಂತ ಭಾವ ಸಾಯೋವರೆಗೂ ಬಡ್ಕೊಂಡ್ರು. ಬೇಲಿನೇ ಇಲ್ದಿದ್ರೆ ಮನುಷ್ಯ ಎಲ್ಲಿ ನಿಲ್ತಾನೆ? ನನ್ನ ಮನೆ, ನನ್ನಿಷ್ಟ. ಯಾರಿಗೆ ಮಾರ್ಬೇಕು ಅಂತ ಹೇಳೋಕೆ ಸರ್ಕಾರ ಯಾವನು?"

ನಿನ್ನ ಭಾವ ವಾಲ್ಟರ್ ಇದ್ದಿದ್ದರೆ "ಮೊದಲು ಮನುಷ್ಯ, ಆಮೇಲೆ ಬೇಲಿ ಮಾರಾಯ" ಎನ್ನುತ್ತಿದ್ದರು. ಆದರೆ ನಿನ್ನ ಮಾತನ್ನು ನಾನು ತಳ್ಳಿಹಾಕಲಾರೆ. ಅವರು ಹೋದ ಮೇಲೆ ನಾನು ತಲೆಯೆತ್ತಿ ಬಾಳಿದ್ದು ನನ್ನ ಹೆಸರಿನಲ್ಲಿ ಈ ಮನೆ ಇದ್ದದ್ದರಿಂದಲೇ. ಆ ನೆಮ್ಮದಿ ಇಲೋಯಿಸ್‌ಗೆ ಬೇಡವೇ? ಹಕ್ಕು ಎಂದರೆ ನಿಮ್ಮವರಿಗೆ ಮನೆ ಇದ್ದವನು ನೆನಪಾಗುತ್ತಾನೆ, ನಮ್ಮವರಿಗೆ ಮನೆ ಸಿಗದವನು. ನಾನು ಇಬ್ಬರ ಮಾತನ್ನೂ ನಡೆಸುತ್ತಿದ್ದೇನೆ. ನನ್ನ ಮನೆ, ನನ್ನಿಷ್ಟ, ಟಿಲ್ಮನ್‌ರಿಗೆ ಮಾರುತ್ತೇನೆ. ಆ ಮಾತು ಬರೆದು ನಿನ್ನ ಅಂಗಳದಲ್ಲಿ ನೆಟ್ಟಿದ್ದೀಯಲ್ಲ, ಅಂಥದೇ ಫಲಕವನ್ನು ನಾನೂ ನೆಟ್ಟಿದ್ದೇನೆ. ಬಂದು ನೋಡು.

ನಿನ್ನೆ ಒಂದು ತಮಾಷೆ. ಮೂಲೆಮನೆಗೆ ಹೊಸದಾಗಿ ಬಂದ ಪೆಗ್ಗಿ ಎಂಬ ಹುಡುಗಿ ಮನವಿಪತ್ರಕ್ಕೆ ಸಹಿ ಕೇಳುತ್ತ ಬಂದಳು. ನಮ್ಮ ಬೀದಿಯಲ್ಲಿ ನೆರೆಯವರು ಬರುವುದು ಹಿತ್ತಲ ಬಾಗಿಲಿಗೆ, ಅಲ್ಲಿ ಮನೆಯ ನಂಬರಿರುವುದಿಲ್ಲ. ಅದೇ ಎಡವಟ್ಟಾಯಿತು.

"ಮೇಡಂ, ಇಲ್ಲೊಂದು ಸಹಿ ಹಾಕಿ. ನಲವತ್ತೆರಡನೇ ನಂಬರಿನ ವಿಧವೆ ಇದಾಳಲ್ಲ, ಕಪ್ಪು ಜನಕ್ಕೆ ಮನೆ ಮಾರ್ತಾಳಂತೆ. ಅರಳುಮರಳು, ಪಾಪ."

"ಕೂತ್ಕೋ ತಾಯಿ, ಕಾಫಿ ಕುಡಿ. ಆ ಅರಳುಮರಳು ನಾನೇ" ಎಂದೆ.

ಕಾಗದ, ಪೆನ್ನು ಎರಡನ್ನೂ ಬಿಟ್ಟು ಓಟ ಕಿತ್ತಳು. ಇದನ್ನು ಬರೆಯುತ್ತಿರುವುದು ಆ ಪೆನ್ನಿನಲ್ಲೇ, ಚೆನ್ನಾಗಿ ಓಡುತ್ತದೆ.

ದೇವರು ನಿನ್ನ ಮಂಡಿಗೂ ಮನಸ್ಸಿಗೂ ಆರೋಗ್ಯ ಕೊಡಲಿ. ಡೋರೀನ್‌ಗೆ ನನ್ನ ಪ್ರೀತಿ.

ನಿನ್ನ ಅಕ್ಕ,
ವರ್ನಾ

ತಾ.ಕ.: ಆ ಮನವಿಪತ್ರ ನನ್ನ ಮುಂದೆಯೇ ಇದೆ. ಮೊದಲ ಸಹಿ ನಿನ್ನದು. ಪೆಗ್ಗಿಗೆ ನಾನು ಯಾರೆಂದು ಗೊತ್ತಿರಲಿಲ್ಲ, ನಿನಗೆ ಗೊತ್ತಿತ್ತು. ಅಮ್ಮ ಆಸ್ಪತ್ರೆಯಲ್ಲಿದ್ದ ವರ್ಷ ನಿನ್ನ ಕೈಹಿಡಿದು ಹೆಸರು ಬರೆಯಲು ಕಲಿಸಿದವಳು ನಾನು. ಮೊದಲಕ್ಷರಕ್ಕೆ ಬಾಲ ಸುತ್ತುವುದನ್ನು ನೀನಿನ್ನೂ ಬಿಟ್ಟಿಲ್ಲ. ತುಂಬ ನೋವಾಯಿತು ಕಣೋ. ಶುಕ್ರವಾರ ಸಾಕ್ಷಿಗೆ ಒಂದು ಸಹಿ ಬೇಕು. ಅದೇ ಹೆಸರು ಬರೆಯಲು ಬಾ. ಬರದಿದ್ದರೆ ಬೇರೆಯವರು ಬರೆಯುತ್ತಾರೆ, ಮನೆಯಂತೂ ಟಿಲ್ಮನ್‌ರದೇ.